ಶಾಸನದ ಶಾಪದಿಂದ ಸಿಎಸ್‌ಆರ್‌ವರೆಗೆ: ಸೇವಾಸಂಸ್ಥೆಗಳು ನಡೆದ ದಾರಿ

ಹಳೆಯ ದಾನಶಾಸನಗಳಲ್ಲಿ ದತ್ತಿ ಬಿಟ್ಟ ಭೂಮಿಯ ಚತುಸ್ಸೀಮೆಯ ಜೊತೆಗೆ ದತ್ತಿ ಕೆಡಿಸಿದವರಿಗೆ ಶಾಪವನ್ನೂ ಕೆತ್ತಿಸುತ್ತಿದ್ದರು. ಕೊಟ್ಟವರು ಕಾಲವಾದ ಮೇಲೂ ಕೊಟ್ಟದ್ದು ಉಳಿಯಬೇಕೆಂಬ ಕಾಳಜಿ ಅದು. ಬ್ರಿಟಿಷರ ಕಾಲದಲ್ಲಿ ಈ ಹೊಣೆಯನ್ನು ಕಾನೂನು ಹೊತ್ತುಕೊಂಡಿತು. 1860ರಲ್ಲಿ ಸಂಘಗಳ ನೋಂದಣಿ ಕಾಯ್ದೆ ಬಂತು, 1890ರಲ್ಲಿ ಧರ್ಮದತ್ತಿ ಕಾಯ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1909ರಲ್ಲಿ ಕಾನೂನಿನ ಅಸ್ತಿತ್ವ ಸಿಕ್ಕಿದ್ದು ಈ ಎರಡನೆಯ ಕಾಯ್ದೆಯಡಿ. ಅಷ್ಟರಲ್ಲಿ ಅದರ ಕನಸು ಕಂಡಿದ್ದ ಉದ್ಯಮಿ ಜೆಮ್‌ಷೆಡ್‌ಜಿ ಟಾಟಾ ತೀರಿಕೊಂಡು ಐದು ವರ್ಷವಾಗಿತ್ತು. ಅವರ ಸಂಕಲ್ಪ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿ, ಎರಡೂ ಒಂದು ವ್ಯವಸ್ಥೆಯೊಳಗೆ ಬಂದದ್ದರಿಂದಲೇ ಆ ಕೊಡುಗೆ ಶತಮಾನ ದಾಟಿತು.

ಸ್ವಾತಂತ್ರ್ಯಾನಂತರ ತೆರಿಗೆ ಕಾನೂನು ಈ ಕ್ಷೇತ್ರವನ್ನು ತಿದ್ದತೊಡಗಿತು. 1961ರ ಆದಾಯ ತೆರಿಗೆ ಕಾಯ್ದೆ ಧರ್ಮಾರ್ಥ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿತು. ಮುಂದೆ ಅದರ 80ಜಿ ಸೆಕ್ಷನ್ನಿನಿಂದ ದಾನಿಗಳಿಗೂ ರಿಯಾಯಿತಿ ದೊರೆಯಿತು. ಪ್ರತಿಯಾಗಿ ಲೆಕ್ಕಪತ್ರ ಮತ್ತು ಆಡಿಟ್ ಕಡ್ಡಾಯವಾದವು.

ಆದರೆ ಸಂಸ್ಥೆ ನಡೆಸುವ ಪಾಠ ಬಂದದ್ದು ಹಳ್ಳಿಗಳಿಂದ. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಸ್ವಯಂಸೇವಾ ಸಂಸ್ಥೆ ಮೈರಾಡ, 1980ರ ದಶಕದಲ್ಲಿ ಗ್ರಾಮೀಣ ಸಾಲದ ಕೆಲಸದಲ್ಲಿತ್ತು. ದೊಡ್ಡ ಸಹಕಾರ ಸಂಘಗಳು ನಾಯಕರ ಮೇಲಿನ ಅಪನಂಬಿಕೆಯಿಂದ ಒಡೆದಾಗ, ಪರಸ್ಪರ ನಂಬಿಕೆಯಿದ್ದವರು ಸಣ್ಣ ಗುಂಪುಗಳಾಗಿ ಉಳಿದರು. ಮೈರಾಡ ಅವರ ಕೈ ಬಿಡಲಿಲ್ಲ. ಗುಂಪಿನ ನಿಯಮ, ಉಳಿತಾಯ, ಸಾಲದ ತೀರ್ಮಾನ, ನಡಾವಳಿ ಪುಸ್ತಕ, ಎಲ್ಲವೂ ಸದಸ್ಯರದೇ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಬಗೆಯ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಅದರ ಹಿಂದೆ ಇಂಥ ಅನುಭವಗಳಿದ್ದವು.

ಇತ್ತ ಕಾನೂನಿನಲ್ಲಿ ಅನುಮಾನವೂ ಬೆಳೆಯಿತು. ತುರ್ತುಪರಿಸ್ಥಿತಿಯ 1976ರಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂತು. 2010ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ. 2020ರ ತಿದ್ದುಪಡಿಯಿಂದ ವಿದೇಶಿ ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದೂ ನಿಷಿದ್ಧವಾಯಿತು. ದೊಡ್ಡ ಸಂಸ್ಥೆಗಳ ಮೂಲಕ ನೆರವು ಪಡೆಯುತ್ತಿದ್ದ ಪುಟ್ಟ ಸಂಸ್ಥೆಗಳಿಗೆ ಆ ಬಾಗಿಲು ಮುಚ್ಚಿತು.

2014ರಿಂದ ಹೊಸ ದಾನಿಯಾಗಿ ಬಂದವು ಕಂಪನಿಗಳು. ನಿಗದಿತ ಮಿತಿ ದಾಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು; ಇದೇ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ಇದರಿಂದ ಹೊಸ ಹಣ ಬಂತು. ಜೊತೆಗೆ, ವರ್ಷದೊಳಗೆ ಎಣಿಸಿ ತೋರಿಸಬಹುದಾದ ಕೆಲಸಕ್ಕೆ ಆದ್ಯತೆಯೂ ಬಂತು.

ಈ ಇತಿಹಾಸದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಆಸ್ತಿ ಕಾಯುವುದನ್ನು, ಹಣ ಎಣಿಸುವುದನ್ನು ನಾವು ಕಲಿತಿದ್ದೇವೆ. ಸಂಸ್ಥೆ ನಡೆಸುವ ಮನುಷ್ಯರನ್ನು ಪೋಷಿಸುವುದನ್ನು ಕಲಿತಿಲ್ಲ. ಕಟ್ಟಡಕ್ಕೆ ಸುಲಭವಾಗಿ ಸಿಗುವ ದೇಣಿಗೆ ಲೆಕ್ಕಿಗರ, ಕ್ಷೇತ್ರ ಕಾರ್ಯಕರ್ತರ ಸಂಬಳಕ್ಕೆ ಸಿಗುವುದಿಲ್ಲ. ಲೆಕ್ಕ ಕೇಳುವುದು ನ್ಯಾಯ. ಆ ಲೆಕ್ಕ ಬರೆಯುವವರಿಗೆ ಬದುಕುವಷ್ಟು ಸಂಬಳ ಕೊಡುವುದೂ ದಾನದ ಭಾಗವೆಂದು ದಾನಿಗಳು ಮತ್ತು ಸರ್ಕಾರ ಒಪ್ಪಬೇಕು.