ಕಂಪ್ಯೂಟರ್ ಕ್ಯಾಬಿನೆಟ್‌ಗೊಂದು ಪುಟ್ಟ ಮಾಹಿತಿ ಫಲಕ

ಕ್ಯಾಬಿನೆಟ್‌ನ ಮುಂಭಾಗದಲ್ಲಿ ಕೂರಿಸುವ ಎರಡು ಅಥವಾ ನಾಲ್ಕು ಸಾಲಿನ ಪುಟ್ಟ ಪರದೆಯನ್ನು ಇಲ್ಲಿ ಮಾಹಿತಿ ಫಲಕ ಎಂದು ಕರೆದಿದೆ. ಪ್ರೊಸೆಸರಿನ ಬಿಸಿ, ಫ್ಯಾನಿನ ವೇಗ, ಡಿಸ್ಕಿನಲ್ಲಿ ಉಳಿದ ಜಾಗ, ವೇಳೆ ಮುಂತಾದವನ್ನು ಅದು ಸದಾ ತೋರಿಸುತ್ತಿರುತ್ತದೆ. ಅಂಗಡಿಯ ಬಿಲ್ಲಿಂಗ್ ಯಂತ್ರ, ಕ್ಯಾಮೆರಾ ದೃಶ್ಯ ದಾಖಲಿಸುವ ಯಂತ್ರ, ಶಾಲೆಯ ಸರ್ವರ್ ಇವೆಲ್ಲ ಮಾನಿಟರ್ ಆರಿಸಿಟ್ಟು ದಿನವಿಡೀ ಓಡುವ ಕಂಪ್ಯೂಟರುಗಳು. ಇವುಗಳಿಗೆ ಇಂಥ ಫಲಕ ಬರೀ ಅಲಂಕಾರವಲ್ಲ. ದೂಳು ತುಂಬಿ ಫ್ಯಾನ್ ನಿಂತದ್ದು ಯಂತ್ರ ಕೆಟ್ಟ ಮೇಲೆ ಗೊತ್ತಾಗುವ ಬದಲು ಮೊದಲೇ ಗೊತ್ತಾದರೆ ರಿಪೇರಿಯ ಖರ್ಚೂ ಉಳಿಯುತ್ತದೆ, ಒಳಗಿರುವ ಲೆಕ್ಕಪತ್ರವೂ ಉಳಿಯುತ್ತದೆ.

ಹಿನ್ನೆಲೆ

1990ರ ದಶಕದ 386, 486 ಕಂಪ್ಯೂಟರುಗಳ ಕ್ಯಾಬಿನೆಟ್ ಮೇಲೆ ಎರಡು ಮೂರು ಅಂಕೆಗಳ ಎಲ್‌ಇಡಿ ಫಲಕ ಇರುತ್ತಿತ್ತು. ಟರ್ಬೊ ಗುಂಡಿ ಒತ್ತಿದರೆ ಅದರಲ್ಲಿ 66 ಅಥವಾ 33 ಎಂದು ಮೆಗಾಹರ್ಟ್ಸ್ ಕಾಣುತ್ತಿತ್ತು. ಆದರೆ ಆ ಫಲಕ ಏನನ್ನೂ ಅಳೆಯುತ್ತಿರಲಿಲ್ಲ. ಹಿಂಬದಿಯ ಜಂಪರುಗಳನ್ನು ಹೇಗೆ ಜೋಡಿಸಿದ್ದರೋ ಹಾಗೆ ಅಂಕೆ ಬೆಳಗುತ್ತಿತ್ತು, ಅಷ್ಟೆ.

ನಿಜವಾದ ಮಾಹಿತಿ ತೋರಿಸುವ ಫಲಕಗಳು ಹವ್ಯಾಸಿಗಳ ಕೈಗೆ ಬಂದದ್ದು ಹಿಟಾಚಿ ಕಂಪನಿಯ ಎಚ್‌ಡಿ44780 ಎಂಬ ಚಿಪ್‌ನಿಂದ. 1980ರ ದಶಕದ ಈ ಚಿಪ್ ಅಕ್ಷರ ಮೂಡಿಸುವ ಎಲ್‌ಸಿಡಿಗಳನ್ನು ನಡೆಸುತ್ತದೆ. ಪ್ರಿಂಟರ್, ಫೋಟೊಕಾಪಿ ಯಂತ್ರಗಳಲ್ಲಿ ಬಳಕೆಯಾಗುತ್ತಿದ್ದ ಈ ಎಲ್‌ಸಿಡಿಗಳನ್ನು 2000ದ ಆಸುಪಾಸಿನಲ್ಲಿ ಹವ್ಯಾಸಿಗಳು ಕಂಪ್ಯೂಟರಿನ ಪ್ರಿಂಟರ್ ಪೋರ್ಟ್‌ಗೆ ಸಿಕ್ಕಿಸತೊಡಗಿದರು. ಅದೇ ಬಗೆಯ ಎಲ್‌ಸಿಡಿ ಇಂದಿಗೂ ಅಗ್ಗವಾಗಿ ಸಿಗುತ್ತದೆ.

ಯಾವ ಅಳತೆ?

ಎರಡು ಬಗೆಯವು ಹೆಚ್ಚು ಬಳಕೆಯಲ್ಲಿವೆ.

1. 16×2: ಸಾಲಿಗೆ 16 ಅಕ್ಷರದಂತೆ ಎರಡು ಸಾಲು, ಒಟ್ಟು 32 ಅಕ್ಷರ. ಹಲಗೆಯ ಅಳತೆ ಸುಮಾರು 80×36 ಮಿಲಿಮೀಟರ್.
2. 20×4: ನಾಲ್ಕು ಸಾಲು, ಒಟ್ಟು 80 ಅಕ್ಷರ. ಹಲಗೆಯ ಅಳತೆ ಸುಮಾರು 98×60 ಮಿಲಿಮೀಟರ್.

ಸಿಡಿ ಡ್ರೈವ್ ಕೂರುವ 5.25 ಇಂಚಿನ ಖಾನೆಯ ಎತ್ತರ ಸುಮಾರು 41 ಮಿಲಿಮೀಟರ್. ಹಾಗಾಗಿ 16×2 ಫಲಕ ಒಂದೇ ಖಾನೆಯಲ್ಲಿ ಕೂರುತ್ತದೆ. 20×4 ಫಲಕಕ್ಕೆ ಒಂದರ ಮೇಲೊಂದು ಇರುವ ಎರಡು ಖಾನೆ ಬೇಕು. ಹೊಸ ಕ್ಯಾಬಿನೆಟ್ ಹಲವಕ್ಕೆ ಈ ಖಾನೆಯೇ ಇಲ್ಲ. ಆಗ ಮುಂಭಾಗದ ಪ್ಲಾಸ್ಟಿಕ್ ಮುಖವನ್ನೇ ಕತ್ತರಿಸಬೇಕಾಗುತ್ತದೆ.

ಖಾನೆಯ ಪ್ಲಾಸ್ಟಿಕ್ ಮುಚ್ಚಳವನ್ನು ಹೊರಗೆ ತೆಗೆದು, ಕಾಣುವ ಭಾಗದಷ್ಟನ್ನೇ ಗುರುತು ಮಾಡಿ, ಗೆರೆಯ ಒಳಗೇ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ಸರಿಮಾಡಿ. ಕಬ್ಬಿಣದ ತಗಡು ಕೊರೆಯುವುದಾದರೆ ಮದರ್‌ಬೋರ್ಡನ್ನು ಮೊದಲು ಬಿಚ್ಚಿಡಿ. ಲೋಹದ ಪುಡಿ ಒಂದು ಚೂರು ಉಳಿದರೂ ಶಾರ್ಟ್ ಆಗಬಹುದು.

ಜೋಡಿಸುವ ದಾರಿಗಳು

ಹಳೆಯ ದಾರಿ, ಪ್ರಿಂಟರ್ ಪೋರ್ಟ್: 25 ಪಿನ್‌ಗಳ ಪೋರ್ಟ್‌ನಲ್ಲಿ 2ರಿಂದ 9ರವರೆಗಿನ ಪಿನ್‌ಗಳು ದತ್ತಾಂಶಕ್ಕೆ, 18ರಿಂದ 25 ನೆಲಕ್ಕೆ, ಅಂದರೆ ಗ್ರೌಂಡಿಗೆ. ಬಹಳ ಬಳಕೆಯಾದ ಜೋಡಣೆಯಲ್ಲಿ ಪೋರ್ಟಿನ 1ನೇ ಪಿನ್ ಎಲ್‌ಸಿಡಿಯ 6ನೇ ಪಿನ್‌ಗೆ, 14ನೆಯದು 5ನೇ ಪಿನ್‌ಗೆ, 16ನೆಯದು 4ನೇ ಪಿನ್‌ಗೆ ಹೋಗುತ್ತವೆ. ಈ ಪೋರ್ಟ್ ಇರುವ ಹಳೆಯ ಯಂತ್ರಕ್ಕೆ ಇದು ಇಂದಿಗೂ ನಡೆಯುತ್ತದೆ. ಯಂತ್ರ ಚಾಲೂ ಇರುವಾಗ ಈ ತಂತಿಗಳನ್ನು ಸಿಕ್ಕಿಸುವುದು, ಕೀಳುವುದು ಮಾಡಬಾರದು.

ಇಂದಿನ ದಾರಿ, ಯುಎಸ್‌ಬಿ: ಆರ್ಡುಯಿನೊ ನ್ಯಾನೊ ಅಥವಾ ಊನೊ ಬೋರ್ಡ್ ಒಂದನ್ನು ನಡುವೆ ಇಡುವುದು ಸುಲಭ. ಎಲ್‌ಸಿಡಿಯ ಬೆನ್ನಿಗೆ ಪಿಸಿಎಫ್8574 ಚಿಪ್‌ನ ಸಣ್ಣ ಹಲಗೆ ಬೆಸೆದಿದ್ದರೆ ನಾಲ್ಕೇ ತಂತಿ ಸಾಕು: ನೆಲ, 5 ವೋಲ್ಟ್, ಎಸ್‌ಡಿಎ, ಎಸ್‌ಸಿಎಲ್. ಬೋರ್ಡಿನಲ್ಲಿ ಎಸ್‌ಡಿಎ ಎಂದರೆ ಎ4 ಪಿನ್, ಎಸ್‌ಸಿಎಲ್ ಎಂದರೆ ಎ5 ಪಿನ್. ಸಣ್ಣ ಹಲಗೆಯ ವಿಳಾಸ ಸಾಮಾನ್ಯವಾಗಿ ಹೆಕ್ಸ್ 27 ಅಥವಾ 3ಎಫ್ ಆಗಿರುತ್ತದೆ. ಕೇಬಲನ್ನು ಹೊರಗೆ ಸುತ್ತಿಸದೆ ಮದರ್‌ಬೋರ್ಡಿನ ಒಳಗಿನ 9 ಪಿನ್‌ಗಳ ಯುಎಸ್‌ಬಿ ಜಾಗಕ್ಕೆ ಸಿದ್ಧ ಕೇಬಲ್ ಹಾಕಿ ಜೋಡಿಸಬಹುದು.

ಬೆಸುಗೆಯ ಗೋಜೇ ಬೇಡ ಎನ್ನುವವರಿಗೆ ಯುಎಸ್‌ಬಿಯ 3.5 ಇಂಚಿನ ಬಣ್ಣದ ಪರದೆಗಳು ಸಿಗುತ್ತವೆ. 320×480 ಚುಕ್ಕೆಗಳ ಇಂಥ ಪರದೆಗಳನ್ನು ನಡೆಸಲು ಪೈಥಾನಿನಲ್ಲಿ ಬರೆದ ಮುಕ್ತ ತಂತ್ರಾಂಶವೂ ಇದೆ.

ವಿದ್ಯುತ್ತಿನ ಎಚ್ಚರ

ಫಲಕಕ್ಕೆ ಬೇಕಾದದ್ದು 5 ವೋಲ್ಟ್. ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ತಂತಿಯ ಪ್ಲಗ್‌ನಲ್ಲಿ ಕೆಂಪು 5 ವೋಲ್ಟ್, ಹಳದಿ 12 ವೋಲ್ಟ್, ಕಪ್ಪು ಎರಡೂ ನೆಲ. ಅಪ್ಪಿತಪ್ಪಿ ಹಳದಿ ತಂತಿ ಕೊಟ್ಟರೆ ಫಲಕ ಸುಟ್ಟೇ ಹೋಗುತ್ತದೆ. ತಂತಿಯ ಬಣ್ಣವನ್ನೇ ನಂಬದೆ ಮಲ್ಟಿಮೀಟರಿನಿಂದ ಅಳೆದು ನೋಡಿ. ಹಿಂಬೆಳಕಿನ ಎಲ್‌ಇಡಿಗೆ ಹಲಗೆಯಲ್ಲೇ ರೆಸಿಸ್ಟರ್ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಹೊರಗಿನಿಂದ ಒಂದನ್ನು ಹಾಕಬೇಕು.

ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಲೇಬೇಡಿ. 230 ವೋಲ್ಟ್ ಸಂಪರ್ಕ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಮಿಕ್ಕಿ ಉಳಿದಿರಬಹುದು.

ತಂತ್ರಾಂಶ

ಲಿನಕ್ಸ್‌ನಲ್ಲಿ ಎಲ್‌ಸಿಡಿಪ್ರಾಕ್ ಎಂಬ ಮುಕ್ತ ತಂತ್ರಾಂಶವಿದೆ. ಇದರಲ್ಲಿ ಎರಡು ಭಾಗ. ಒಂದು ಫಲಕವನ್ನು ನಡೆಸುತ್ತದೆ, ಇನ್ನೊಂದು 13666ನೇ ಪೋರ್ಟ್ ಮೂಲಕ ಅದಕ್ಕೆ ಮಾಹಿತಿ ಕಳಿಸುತ್ತದೆ. ಬಿಸಿ ಮತ್ತು ಫ್ಯಾನಿನ ವೇಗ ಓದಲು ಎಲ್‌ಎಂ-ಸೆನ್ಸರ್ಸ್ ಬೇಕು. ವಿಂಡೋಸ್‌ನಲ್ಲಿ ಎಲ್‌ಸಿಡಿ ಸ್ಮಾರ್ಟಿ ಹೆಸರಾದದ್ದು. ಆರ್ಡುಯಿನೊ ಬಳಸಿದರೆ ಕಂಪ್ಯೂಟರಿನಿಂದ ಸೆಕೆಂಡಿಗೊಮ್ಮೆ ಒಂದು ಸಾಲು ಕಳಿಸುವ ಸಣ್ಣ ಪೈಥಾನ್ ಕಾರ್ಯಕ್ರಮ ಸಾಕು. ಸೀರಿಯಲ್ ಪೋರ್ಟ್ ತೆರೆದಾಗ ಬೋರ್ಡ್ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಎರಡು ಸೆಕೆಂಡ್ ಕಾದು ಕಳಿಸಬೇಕು.

ಏನನ್ನು ತೋರಿಸಬೇಕು?

ಮೊದಲ ಸ್ಥಾನ ಫ್ಯಾನಿನ ವೇಗಕ್ಕೆ, ಎರಡನೆಯದು ಬಿಸಿಗೆ. ಇತ್ತೀಚಿನ ಅನೇಕ ಪ್ರೊಸೆಸರುಗಳು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಫ್ಯಾನಿನ ವೇಗ ಸೊನ್ನೆ ಎಂದು ಕಂಡರೆ ಆ ಹಂತಕ್ಕೆ ಮೊದಲೇ ಎಚ್ಚೆತ್ತುಕೊಳ್ಳಬಹುದು.

ಇಲ್ಲಿ ಮರೆಯಬಾರದ ಒಂದು ಮಾತಿದೆ. ಕಂಪ್ಯೂಟರ್ ಹ್ಯಾಂಗ್ ಆದಾಗ ಫಲಕ ಆರುವುದಿಲ್ಲ. ಕೊನೆಯ ಅಂಕೆಯನ್ನೇ ತೋರಿಸುತ್ತ ನಿಲ್ಲುತ್ತದೆ. 48 ಡಿಗ್ರಿ ಎಂದು ಕಂಡು ಸಮಾಧಾನವಾದರೆ ಒಳಗಿನ ಸ್ಥಿತಿ ಬೇರೆಯೇ ಇರಬಹುದು. ಆದ್ದರಿಂದ ಫಲಕದ ಮೂಲೆಯಲ್ಲಿ ಸೆಕೆಂಡು ಸಹಿತ ವೇಳೆ ಇರಲಿ. ಸೆಕೆಂಡು ಓಡದಿದ್ದರೆ ಉಳಿದ ಅಂಕೆ ನಂಬುವಂತಿಲ್ಲ. ಆರ್ಡುಯಿನೊ ಇದ್ದರೆ ಹತ್ತು ಸೆಕೆಂಡ್ ಮಾಹಿತಿ ಬಾರದಾಗ ಅಂಕೆ ಅಳಿಸಿ ಎಚ್ಚರಿಕೆ ತೋರಿಸುವಂತೆ ಬರೆಯಬಹುದು. ಡಿಎಸ್18ಬಿ20 ಎಂಬ ಉಷ್ಣಮಾಪಕವನ್ನು 4.7 ಕಿಲೊ ಓಮ್ ರೆಸಿಸ್ಟರ್ ಜೊತೆ ಬೋರ್ಡಿಗೇ ಜೋಡಿಸಿದರೆ, ಹ್ಯಾಂಗ್ ಆದಾಗಲೂ ಕ್ಯಾಬಿನೆಟ್ ಒಳಗಿನ ಗಾಳಿಯ ಬಿಸಿ ಗೊತ್ತಾಗುತ್ತದೆ.

ಕನ್ನಡದಲ್ಲಿ ಬರುತ್ತದೆಯೇ?

ಎಚ್‌ಡಿ44780 ಚಿಪ್‌ನಲ್ಲಿ ಅಡಕವಾಗಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಮಾದರಿಗೆ ತಕ್ಕಂತೆ ಜಪಾನೀ ಅಥವಾ ಯುರೋಪಿನ ಅಕ್ಷರಗಳು. ಕನ್ನಡ, ಮಲಯಾಳ, ತಮಿಳು, ತೆಲುಗು, ಮರಾಠಿ ಯಾವುದೂ ಇಲ್ಲ. ನಾವೇ ರೂಪಿಸಬಹುದಾದ ಅಕ್ಷರಗಳಿಗೆ ಎಂಟು ಜಾಗವಿದೆ, ಒಂದೊಂದೂ 5×8 ಚುಕ್ಕೆಯದು. ಕಾಗುಣಿತ, ಒತ್ತಕ್ಷರಗಳಿಗೆ ಇದು ಎಲ್ಲಿಗೂ ಸಾಲದು. ಆದರೆ ಕನ್ನಡ ಅಂಕೆಗಳನ್ನು ತೋರಿಸಬಹುದು. ೦ ಎಂಬುದಕ್ಕೆ ಇಂಗ್ಲಿಷಿನ ಸೊನ್ನೆಯೇ ಸಾಕು. ಉಳಿದ ಒಂಬತ್ತರಲ್ಲಿ ಒಮ್ಮೆಗೆ ಎಂಟನ್ನು ಮಾತ್ರ ತುಂಬಲು ಸಾಧ್ಯ. ಗಂಟೆ, ನಿಮಿಷ ಮತ್ತು ಬಿಸಿಗೆ ಆರೇ ಅಂಕೆ ಬೇಕಾಗುವುದರಿಂದ ಆಗಾಗ ಬೇಕಾದವನ್ನಷ್ಟೇ ತುಂಬಿದರಾಯಿತು.

ಪೂರ್ಣ ಕನ್ನಡ ಬೇಕೆಂದರೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಬಿಡಿಸುವ ಪರದೆ ಆಗಬೇಕು. ಬರಹವನ್ನು ಕಂಪ್ಯೂಟರ್ ಚಿತ್ರವಾಗಿಸಿ ಕಳಿಸುವುದರಿಂದ ಒಂದೇ ಪರದೆಯಲ್ಲಿ ಮನೆಮಾತು, ರಾಜ್ಯಭಾಷೆ ಎರಡೂ ಬರುತ್ತವೆ. ಪೈಥಾನಿನ ಪಿಲ್ಲೊ ಬಳಸುವವರು ಅದರ ಜೊತೆ ರಾಕ್ಮ್ ಇದೆಯೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಒಡೆದು ಕಾಣುತ್ತವೆ.

ತೊಂದರೆ ಮತ್ತು ಪರಿಹಾರ

• ಬೆಳಕಿದೆ, ಅಕ್ಷರವಿಲ್ಲ: ಕಾಂಟ್ರಾಸ್ಟ್ ಸರಿಯಿಲ್ಲ. 3ನೇ ಪಿನ್‌ಗೆ ಸೇರಿದ 10 ಕಿಲೊ ಓಮ್ ಪ್ರಿಸೆಟ್ ಅಥವಾ ಹಿಂದಿನ ನೀಲಿ ತಿರುಪನ್ನು ನಿಧಾನ ತಿರುಗಿಸಿ.
• ಒಂದು ಸಾಲು ಕಪ್ಪು ಚೌಕ ಮಾತ್ರ: ವಿದ್ಯುತ್ ಬಂದಿದೆ, ಆದರೆ ಆಜ್ಞೆ ತಲುಪಿಲ್ಲ. ತಂತಿ ಮತ್ತು ವಿಳಾಸ ಪರೀಕ್ಷಿಸಿ.
• ಅರ್ಥವಿಲ್ಲದ ಅಕ್ಷರ: ದತ್ತಾಂಶದ ತಂತಿ ಸಡಿಲ ಅಥವಾ ಅದಲುಬದಲು.

ಬಿಡಿಭಾಗಗಳು ಎಲ್ಲಿ?

ಬೆಂಗಳೂರಿನ ಎಸ್‌ಪಿ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಳಲ್ಲಿ ಈ ಭಾಗಗಳು ದೊರೆಯುತ್ತವೆ. ಅಂಚೆಯಲ್ಲೂ ತರಿಸಬಹುದು. ತಂದ ಫಲಕವನ್ನು ಮೊದಲು ಮೇಜಿನ ಮೇಲೆಯೇ ಜೋಡಿಸಿ, ಒಂದು ದಿನ ಓಡಿಸಿ ನೋಡಿ. ಕ್ಯಾಬಿನೆಟ್ ಕತ್ತರಿಸುವುದು ಆಮೇಲಿನ ಕೆಲಸ.