‘ಐ ಅಗ್ರೀ’ ಒತ್ತಿದ್ದೇ ಮುಳುವಾಯ್ತು: ಬಿನೆಟ್‌ಡಿ ಕಥೆ

ಸ್ಟಾರ್‌ಕ್ರಾಫ್ಟ್ ಆಡಿದವರಿಗೆ ಬ್ಲಿಝಾರ್ಡ್ ಕಂಪನಿಯ ಬ್ಯಾಟಲ್.ನೆಟ್ ಸರ್ವರ್ ನೆನಪಿರುತ್ತೆ. ಅಲ್ಲಿನ ನಿಧಾನ, ಮೋಸದಾಟದಿಂದ ಬೇಸತ್ತ ಅಮೆರಿಕದ ಅಭಿಮಾನಿಗಳು 1998ರಲ್ಲಿ ತಮ್ಮದೇ ಸರ್ವರ್ ಬರೆಯೋಕೆ ಶುರು ಮಾಡಿದ್ರು. ಅದೇ ಬಿನೆಟ್‌ಡಿ. ಪೂರ್ತಿ ಉಚಿತ, ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ.

2002ರ ಫೆಬ್ರವರಿಯಲ್ಲಿ ಕಂಪನಿಯ ನೋಟಿಸ್ ಬಂತು, ಆಮೇಲೆ ಮಿಸ್ಸೂರಿಯ ಫೆಡರಲ್ ಕೋರ್ಟಿನಲ್ಲಿ ಕೇಸು. ಕಂಪನಿಯ ದೂರಿಗೂ ಕಾರಣ ಇತ್ತು ಅನ್ನಿ. ಬಿನೆಟ್‌ಡಿ ಸಿಡಿ-ಕೀ ಅಸಲಿಯೋ ನಕಲಿಯೋ ನೋಡುತ್ತಿರಲಿಲ್ಲ, ಹಾಗಾಗಿ ಪೈರೇಟೆಡ್ ಪ್ರತಿಯೂ ಅಲ್ಲಿ ಓಡುತ್ತಿತ್ತು. ಆದ್ರೆ ಪರೀಕ್ಷಿಸೋಣ ಅಂದ್ರೆ ಆ ವಿಧಾನವೇ ಕಂಪನಿಯ ಗುಟ್ಟು!

2004ರಲ್ಲಿ ಕೆಳ ಕೋರ್ಟು, 2005ರಲ್ಲಿ ಮೇಲ್ಮನವಿ ಕೋರ್ಟು, ಎರಡೂ ಕಂಪನಿ ಪರ ನಿಂತವು. ಡಿಜಿಟಲ್ ಬೀಗ ಮುರಿಯೋದನ್ನು ತಡೆಯುವ ಡಿಎಂಸಿಎ ಕಾನೂನು ಒಂದು ಆಧಾರ. ಇನ್ನೊಂದು ಯಾವುದು ಗೊತ್ತಾ? ಆಟ ಇನ್‌ಸ್ಟಾಲ್ ಮಾಡುವಾಗ ಒತ್ತಿದ ‘ಐ ಅಗ್ರೀ’ ಬಟನ್. ರಿವರ್ಸ್ ಎಂಜಿನಿಯರಿಂಗ್ ಮಾಡಲ್ಲ ಅಂತ ಅಲ್ಲೇ ಒಪ್ಪಿದ್ದೀರಿ, ಕಾಪಿರೈಟ್ ಕಾನೂನು ಕೊಡುವ ಫೇರ್ ಯೂಸ್ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಿದ್ದೀರಿ ಅನ್ನೋದು ತೀರ್ಪಿನ ಸಾರ.

ಕೋಡ್ ಮಾತ್ರ ಸಾಯಲಿಲ್ಲ, ಪಿವಿಪಿಜಿಎನ್ ಹೆಸರಲ್ಲಿ ಮುಂದುವರಿಯಿತು. ಸೋತದ್ದು ಅದನ್ನು ಬರೆದವರು. ನಾವೂ ಆ ಬಟನ್ ಓದದೇ ಒತ್ತೋರೇ ಅಲ್ವಾ?