ಚಿಟಿಕೆ

ಮರದ ಎರಡು ಕಿರುಫಲಕಗಳನ್ನು ಒಂದೇ ಅಂಗೈಯಲ್ಲಿ ಪರಸ್ಪರ ತಾಡಿಸಿ ನುಡಿಸುವ ಜಾನಪದ ಲಯವಾದ್ಯ. ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ವಿಂಗಡಿಸಿರುವ ತತ, ಅವನದ್ಧ, ಘನ, ಸುಷಿರಗಳೆಂಬ 4 ವರ್ಗಗಳಲ್ಲಿ ಘನವರ್ಗಕ್ಕೆ ಸೇರತಕ್ಕದ್ದು. ಒಳಮೈ ಸಮತಲವಾಗಿಯೂ ಹೊರಮೈ ದುಂಡಾಗಿಯೂ ಇರುವ ಈ ಫಲಕಗಳಲ್ಲಿ ಒಂದನ್ನು ಹೆಬ್ಬೆರಳಿನಿಂದಲೂ ಮತ್ತೊಂದನ್ನು ಉಳಿದ ಬೆರಳುಗಳಿಂದಲೂ ಹಿಡಿದು ಬಡಿದಾಗ, ಮರದ ಒಣಪೆಟ್ಟಿನೊಡನೆ ಅವುಗಳಿಗೆ ಪೋಣಿಸಿದ ಲೋಹದ ಬಿಲ್ಲೆಗಳ ಅಥವಾ ಗೆಜ್ಜೆಗಳ ಅನುರಣನವೂ ಕೂಡಿ, ತಾಳದ ಘಾತವು ಸ್ಫುಟವಾಗಿ ಕೇಳಿಬರುವುದು.

1953ರವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿದ್ದು, ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಬಳ್ಳಾರಿ ಸೀಮೆಯಲ್ಲಿ ಈ ವಾದ್ಯಕ್ಕೆ ಎರಡೂ ಕಡೆಯ ನಂಟುಂಟು: ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಭಜನೆಗಳಲ್ಲಿಯೂ ಹರಿಕಥೆಗಳಲ್ಲಿಯೂ ದಾಸರ ಪದಗಳಿಗೆ ಲಯ ಹಿಡಿಯುವ ಇದೇ ಚಿಟಿಕೆ, ನೆರೆಯ ರಾಯಲಸೀಮೆಯಲ್ಲಿ ಹೆಜ್ಜೆಯ ಕುಣಿತದೊಡನೆ ಬೆರೆತು ಚೆಕ್ಕಭಜನೆಯೆಂಬ ಸಮೂಹಕಲೆಯಾಗಿ ಬೆಳೆದಿದೆ. ಹಾಡುವವನೇ ನುಡಿಸಬಲ್ಲನೆಂಬುದೂ, ಆಗಲೂ ಅವನ ಇನ್ನೊಂದು ಕೈ ಅಭಿನಯಕ್ಕೆ ತೆರವಾಗಿರುವುದೆಂಬುದೂ ಕಥನಕಾರನಿಗೆ ಇದು ಪ್ರಿಯವಾಗಲು ಮುಖ್ಯ ಕಾರಣವೆನ್ನಬೇಕು.

ಹಾಡು ಮಾತುಗಳಿಂದ ಕಥೆ ನಿರೂಪಿಸುವ ಜಾನಪದ ಪ್ರಕಾರವಾದ ಬುರ್ರಕಥೆಯಲ್ಲಿ ಚಿಟಿಕೆಯ ಸ್ಥಾನವನ್ನು ಬೆರಳಿಗೆ ತೊಡುವ ಟೊಳ್ಳು ಲೋಹದ ಉಂಗುರಗಳು ವಹಿಸುತ್ತವೆ. ಒಳಗಿನ ಗುಂಡುಗಳು ಗಲಗಲಿಸುವ ನಾದಕ್ಕೆ ಸಹಗಾಯಕರು ಚರ್ಮವಾದ್ಯದ ಗಂಭೀರ ದನಿಯನ್ನು ಜೋಡಿಸುವರು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು, ಬುಡ್ಗಜಂಗಮರೆಂಬ ಅಲೆಮಾರಿ ಸಮುದಾಯದ ಪರಂಪರೆಯಿಂದ ಬಂದು, ಕುಮಾರರಾಮನ ಕಥೆಯೂ ಸೇರಿದಂತೆ ದೀರ್ಘಕಾವ್ಯಗಳನ್ನು ಲಿಪಿಯ ನೆರವಿಲ್ಲದೆ ನೆನಪಿನಿಂದಲೇ ಹಾಡಿದ ಬುರ್ರಕಥೆಯ ಮಹಾಕಲಾವಿದೆ. ಅವರು 2014ರಲ್ಲಿ ನಿಧನರಾದರು. ಅಂತಹ ಸುದೀರ್ಘ ಗಾಯನದಲ್ಲಿ ಲಯವಾದ್ಯವು ಕೇವಲ ಅಲಂಕಾರವಲ್ಲ. ಪಾದದ ಅಳತೆಯನ್ನು ಕಾಯುತ್ತ, ಉಸಿರಿಗೆ ಎಡೆಗೊಡುತ್ತ, ಮುಂದಿನ ನುಡಿಯನ್ನು ಸ್ಮೃತಿಗೆ ತರುವ ಸಾಧನವೂ ಹೌದು.